ಸುಣ್ಣದ ಡಬ್ಬಿಯೊಂದಿಗೆ ಅವೊಮೋರಿಗೆ

ಹೊರಡುವ ಮೊದಲು: ಹಂಡೆ ಒಲೆಯ ಮುಂದೆ

ಜಪಾನಿಗೆ ಹೋಗಿ ಬಂದವರು ಚೆರಿ ಹೂವಿನ ಬಗ್ಗೆ ಹೇಳುತ್ತಾರೆ, ಬುಲೆಟ್ ರೈಲಿನ ಬಗ್ಗೆ ಹೇಳುತ್ತಾರೆ. ನಾನು ಒಂದು ಚಿಪ್ಪಿನ ಬಗ್ಗೆ ಹೇಳಬೇಕಾಗಿದೆ. ತಮಾಷೆಯೆಂದರೆ ಆ ಚಿಪ್ಪನ್ನು ನಾನು ಕಣ್ಣಾರೆ ನೋಡಿದವಳೇ ಅಲ್ಲ. ನಾನು ನೋಡುವ ಮೊದಲೇ ನಮ್ಮ ಅತ್ತೆ ಅದನ್ನು ಸುಟ್ಟು, ನೀರು ಚಿಮುಕಿಸಿ, ಸುಣ್ಣ ಮಾಡಿ, ವೀಳ್ಯದೆಲೆಗೆ ಸವರಿ ತಿನ್ನಲು ಶುರು ಮಾಡಿದ್ದರು.

ನಮ್ಮದು ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿ ಏಳೆಕರೆ ಕಾಫಿ ತೋಟ. ಒಂದು ಕೊಯ್ಲಿನ ಕಾಲದಲ್ಲಿ ಜಪಾನಿನ ಉತ್ತರದ ಮೂಲೆಯಿಂದ ಮಿಚಿಕೊ ಎಂಬಾಕೆ ಬಂದು ಮೂರು ವಾರ ನಮ್ಮ ಮನೆಯಲ್ಲಿದ್ದಳು. ನನ್ನದೇ ವಯಸ್ಸು, ಐವತ್ತಕ್ಕೆ ಎರಡು ಕಡಿಮೆ. ತನ್ನೂರಿನಲ್ಲಿ ಪುಟ್ಟ ಕಾಫಿ ಅಂಗಡಿ ಇಟ್ಟುಕೊಂಡು ತಾನೇ ಬೀಜ ಹುರಿಯುವವಳು; ಹುರಿಯುವ ಮೊದಲು ಆ ಬೀಜ ಏನೇನು ಪಾಡು ಪಡುತ್ತದೆ ಎಂದು ನೋಡುವ ಆಸೆ ಅವಳಿಗೆ. ಕಣದಲ್ಲಿ ಬರಿಗಾಲಲ್ಲಿ ನಿಂತು, ತಿರುಳು ತೆಗೆದು ಬಿಸಿಲಿಗೆ ಹರಡಿದ ಪಾರ್ಚ್‌ಮೆಂಟ್ ಬೀಜ ತಿರುವಿದ್ದೇ ತಿರುವಿದ್ದು. ಎರಡನೆಯ ವಾರ ಜ್ವರ ಹಿಡಿದು ಮಲಗಿದಳು. ನಮ್ಮ ಅತ್ತೆ ಗಿರಿಜಮ್ಮ ಅವಳ ಪಕ್ಕ ಕೂತು ಗಂಜಿ ಕುಡಿಸಿದರು, ಮೆಣಸಿನ ಸಾರು ಕುಡಿಸಿದರು, ಕಾಲು ಒತ್ತಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ನಾಲ್ಕನೆಯ ದಿನ ಎದ್ದು ಕೂತ ಮಿಚಿಕೊ ಅತ್ತೆಯ ಕೈ ಹಿಡಿದುಕೊಂಡು ಅತ್ತಳು.

ಅವಳು ಊರಿಗೆ ಹೋದ ಎರಡು ತಿಂಗಳಿಗೆ ಒಂದು ಪಾರ್ಸೆಲ್ ಬಂತು. ನಾನು ಆ ದಿನ ಕಾಫಿ ಬೀಜದ ಸ್ಯಾಂಪಲ್ ಕೊಡಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದೆ. ಸಂಜೆ ಬಂದಾಗ ಅತ್ತೆ ಬಚ್ಚಲುಮನೆಯ ಹಂಡೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದುತ್ತಿದ್ದರು. ಮುಖ ಕೆಂಪಗೆ, ಬಹಳ ಖುಷಿಯಲ್ಲಿದ್ದರು.

"ಎಂತ ಒಳ್ಳೆ ಹುಡುಗಿ ಮಾರಾಯ್ತಿ! ನಾ ಎಲೆ ಅಡಿಕೆ ಹಾಕೋದು ನೋಡ್ಕಂಡು ಹೋಗಿ ಸುಣ್ಣಕ್ಕೆ ಚಿಪ್ಪು ಕಳ್ಸಿದಾಳೆ. ಇಷ್ಟು ದೊಡ್ಡದು! ನಮ್ ಅಪ್ಪನ ಮನೇಲೂ ಇಂಥದ್ದು ಕಂಡಿರ್ಲಿಲ್ಲ."

ಅತ್ತೆಯ ತವರು ಘಟ್ಟದ ಕೆಳಗೆ. ಅಲ್ಲಿ ಕಪ್ಪೆಚಿಪ್ಪು ಸುಟ್ಟು ಮನೆಗೆ ಬೇಕಾದ ಸುಣ್ಣ ಮಾಡಿಕೊಳ್ಳುತ್ತಿದ್ದರಂತೆ. ಚಿಪ್ಪು ಕಂಡರೆ ಅವರಿಗೆ ಸುಣ್ಣವೇ ಕಾಣುತ್ತದೆ. ಕಾಫಿ ಹೂ ಕಂಡರೆ ನಮಗೆ ಕೊಯ್ಲಿನ ಲೆಕ್ಕ ಹೊಳೆಯುವ ಹಾಗೆ. ಆ ದಿನ, ಹಿಂದೆ ಕಿತ್ತು ಸುಟ್ಟಿಟ್ಟಿದ್ದ ಹಳೇ ಕಾಫಿ ಬೊಡ್ಡೆಗಳ ಇದ್ದಿಲನ್ನು ಒಲೆ ತುಂಬ ಒಟ್ಟಿ, ನಡುವೆ ಚಿಪ್ಪಿಟ್ಟು, ಮಧ್ಯಾಹ್ನದಿಂದ ಊದಿದ್ದರು.

ಪಾರ್ಸೆಲ್ಲಿನ ತಳದಲ್ಲಿ ಒಂದು ಕಾಗದ ಇತ್ತು. ಇಂಗ್ಲಿಷಿನದು, ಹಾಗಾಗಿ ಅತ್ತೆ ಅದನ್ನು ನನಗೆಂದು ಎತ್ತಿಟ್ಟಿದ್ದರು. ಓದಿದೆ. ಮಿಚಿಕೊ ಬರೆದಿದ್ದಳು: "ಇದು ನಮ್ಮ ಅಮ್ಮನ ಚಿಪ್ಪು. ಅಪ್ಪ ಮದುವೆಯಾದ ವರ್ಷ ಕೊಲ್ಲಿಯಿಂದ ತಂದುಕೊಟ್ಟದ್ದು. ನಮ್ಮ ಕಡೆ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಇಂಥ ಚಿಪ್ಪನ್ನೇ ಪಾತ್ರೆಯ ಹಾಗೆ ಒಲೆಯ ಮೇಲಿಟ್ಟು ಮೊಟ್ಟೆ ಬೇಯಿಸಿ ಕೊಡುತ್ತಾರೆ. ನಾನು ಇದರಲ್ಲೇ ತಿಂದು ಬೆಳೆದೆ. ಅಂಚಿನಲ್ಲಿ ಒಂದು ಚೂರು ಹೋಗಿರುವುದು ಏಳು ವರ್ಷದವಳಿದ್ದಾಗ ನಾನು ಮಾಡಿದ ಕೆಲಸ. ನಿಮ್ಮ ಅತ್ತೆ ನನ್ನನ್ನು ನೋಡಿಕೊಂಡದ್ದನ್ನು ಹೇಳಿದಾಗ ಅಮ್ಮ, ಹಾಗಾದರೆ ಈ ಚಿಪ್ಪು ಅವರ ಮನೆಯಲ್ಲಿರಬೇಕು ಎಂದಳು."

ಕಾಗದ ಹಿಡಿದುಕೊಂಡು ಬಚ್ಚಲುಮನೆಗೆ ಓಡಿದೆ. ಅತ್ತೆ ಅಷ್ಟರಲ್ಲಿ ನೀರು ಚಿಮುಕಿಸಿದ್ದರು. ಭರಣಿಯಲ್ಲಿ ಬೆಳ್ಳಗೆ ಬೆಣ್ಣೆಯ ಹಾಗೆ ಸುಣ್ಣ ಸುಯ್ಯೆನ್ನುತ್ತ ಕೂತಿತ್ತು.

ನಮ್ಮವರಿಗೆ ಹೇಳಿದರೆ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ, "ಅಮ್ಮಂಗೆ ಹೇಳ್ಬೇಡ ಕಣೇ, ಕೊರಗ್ತದೆ" ಎಂದರು. ಹೇಳಲಿಲ್ಲ. ಚಿಪ್ಪು ಸಿಕ್ಕಿತೇ ಎಂದು ಮಿಚಿಕೊ ಮೇಲ್ ಮಾಡಿದಾಗ ನಾನು ಬರೆದೆ: "ಸಿಕ್ಕಿತು. ತುಂಬ ಚೆನ್ನಾಗಿದೆ. ಅತ್ತೆ ದಿನಾ ಉಪಯೋಗಿಸುತ್ತಾರೆ." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಅದೇ ನನ್ನ ನಾಚಿಕೆ.

ಒಂದು ವರ್ಷ ಕಳೆದ ಮೇಲೆ ಅವಳು ಅತ್ತೆಯನ್ನೂ ನನ್ನನ್ನೂ ತನ್ನೂರಿಗೆ ಕರೆದಳು. ಆ ವರ್ಷ ಕಾಫಿ ಕೈ ಹಿಡಿದಿತ್ತು, ಹೊರಟೆವು. ಟಿಕೆಟ್ ಆದ ಮೇಲೆ ಮತ್ತೊಂದು ಮೇಲ್ ಬಂತು. "ಅಮ್ಮನಿಗೆ ಎಂಬತ್ತನಾಲ್ಕು. ಬರುವಾಗ ಚಿಪ್ಪನ್ನು ತರಲು ಹೇಳುತ್ತಿದ್ದಾಳೆ. ನಾವು ನಾಲ್ವರೂ ಕೂತು ಒಂದು ಸಲ ಅದರಲ್ಲಿ ಮಾಡಿ ತಿನ್ನೋಣವಂತೆ. ಮತ್ತೆ ನೀವೇ ಕೊಂಡೊಯ್ಯಿರಿ."

ಖಂಡಿತ ತರುತ್ತೇನೆ ಎಂದು ಉತ್ತರಿಸಿದೆ. ಯಾಕೆ ಹಾಗೆ ಬರೆದೆನೋ, ದೇವರಿಗೇ ಗೊತ್ತು.

ರೈಲಿನಲ್ಲಿ

ಬೆಂಗಳೂರಿನ ವಿಮಾನ ನಿಲ್ದಾಣದ ಹೊರಗೆ ಅತ್ತೆ ಕೊನೆಯ ವೀಳ್ಯ ಹಾಕಿಕೊಂಡರು. ಎಲೆ, ಅಡಿಕೆ ಯಾವುದನ್ನೂ ಆ ದೇಶದೊಳಗೆ ಒಯ್ಯುವ ಹಾಗಿಲ್ಲ ಎಂದು ಮನೆಯಲ್ಲೇ ಹತ್ತು ಸಲ ಹೇಳಿ ಒಪ್ಪಿಸಿದ್ದೆ. ಆದರೆ ಸುಣ್ಣದ ಡಬ್ಬಿ ಬಿಡಲು ಒಪ್ಪಲಿಲ್ಲ.

"ಸುಣ್ಣ ಎಂತ ಗಿಡವಾ, ಬಳ್ಳಿಯಾ? ಅವ್ರ ಊರಿಂದೇ ಬಂದಿದ್ದು. ಆ ಹುಡ್ಗಿ ಅಮ್ಮಂಗೆ ತೋರ್ಸಿ, ಹೆಂಗಾಗಿದೆ ನೋಡಿ ಅಂತ ಹೇಳ್ಬೇಡ್ವಾ?"

ಅತ್ತೆ ಜಪಾನಿಗೆ ಹೊರಟಿದ್ದೇ ಸುಣ್ಣಕ್ಕೆ ಥ್ಯಾಂಕ್ಸ್ ಹೇಳಲು! ನಡುವೆ ಭಾಷೆ ದಾಟಿಸಬೇಕಾದವಳು ನಾನು. ಅತ್ತೆಯ ಕನ್ನಡ ನನ್ನ ಇಂಗ್ಲಿಷಾಗಿ, ಅದು ಮಿಚಿಕೊಳ ಜಪಾನಿಯಾಗಿ ಅವಳಮ್ಮನನ್ನು ಮುಟ್ಟಬೇಕು. ಆ ದಾರಿಯಲ್ಲಿ ಮೊದಲ ಗೇಟು ನನ್ನದು, ಅದನ್ನು ನಾನು ಮುಚ್ಚಿಕೊಂಡರೆ ಆಯಿತು ಎಂದು ಧೈರ್ಯ ತಂದುಕೊಂಡೆ.

ಟೋಕಿಯೊದಿಂದ ಉತ್ತರಕ್ಕೆ ರೈಲು. ಬೋಗಿಯ ತುಂಬ ಜನ, ಆದರೆ ಒಂದು ಪಿಸುಮಾತಿಲ್ಲ. ನಮ್ಮಲ್ಲಿ ಆಲ್ದೂರಿನಲ್ಲಿ ಬಸ್ಸು ಹತ್ತಿದರೆ ಬಾಳೆಹೊನ್ನೂರು ಬರುವುದರೊಳಗೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತು ಎಂದು ಗೊತ್ತಾಗಿಬಿಟ್ಟಿರುತ್ತದೆ. ಅತ್ತೆ ಹತ್ತು ನಿಮಿಷ ಸುಮ್ಮನಿದ್ದು, "ಯಾರಾದ್ರೂ ತೀರ್ಕಂಡಿದಾರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಇಳಿಯುವಾಗ ಅವರ ಸೀರೆಯ ಪಿನ್ನು ಎಲ್ಲೋ ಬಿತ್ತು. ನಾವು ಮೆಟ್ಟಿಲು ಹತ್ತಿಯಾಗಿತ್ತು, ಹಿಂದಿನಿಂದ ಸಮವಸ್ತ್ರದ ರೈಲ್ವೆ ನೌಕರನೊಬ್ಬ ಓಡಿ ಬಂದ. ಏದುಸಿರು ಬಿಡುತ್ತ, ಎರಡೂ ಅಂಗೈ ಮೇಲೆ ಆ ಒಂದು ಪಿನ್ನಿಟ್ಟು, ಸೊಂಟ ಬಗ್ಗಿಸಿ ಕೊಟ್ಟ. ಅತ್ತೆಯೂ ಬಗ್ಗಿದರು. ಅವನು ಮತ್ತೆ ಬಗ್ಗಿದ. ಅತ್ತೆ ಬಿಡುವವರಲ್ಲ, ಮತ್ತೆ ಬಗ್ಗಿದರು. ಹೀಗೇ ಬಿಟ್ಟರೆ ಆಗುವುದಿಲ್ಲವೆಂದು ನಾನೇ ಅತ್ತೆಯ ತೋಳು ಹಿಡಿದು ಎಳೆದುಕೊಂಡು ಹೋದೆ.

"ಒಂದು ಪಿನ್ನಿಗೆ ಇಷ್ಟು ಮಾಡ್ತಾರೆ ಈ ಜನ" ಎಂದರು ಅತ್ತೆ, ಮೆಚ್ಚುಗೆಯಿಂದ. ಹಾಗಾದರೆ ಒಂದು ಚಿಪ್ಪಿಗೆ ಏನು ಮಾಡಿಯಾರು ಎಂದು ನನಗೆ ಚಳಿ ಹಿಡಿಯಿತು.

ಅವೊಮೋರಿಯ ಮಾರುಕಟ್ಟೆ

ಅವೊಮೋರಿ ಪಟ್ಟಣದಲ್ಲಿ ಒಂದು ದಿನ ಇದ್ದು, ಮರುದಿನ ಮಿಚಿಕೊಳ ಊರಿಗೆ ಹೋಗುವುದೆಂದು ಗೊತ್ತಾಗಿತ್ತು. ಆ ಒಂದು ದಿನವೇ ನನಗಿದ್ದ ಅವಕಾಶ. ಅಲ್ಲಿಯ ಮಾರುಕಟ್ಟೆಯಲ್ಲಿ ಒಂದು ದೊಡ್ಡ ಚಿಪ್ಪು ಹುಡುಕಿ, ಹಳೆಯದರ ಹಾಗೆ ಕಾಣುವಂತೆ ಮಾಡಿ, ಇದೇ ಅದು ಎಂದು ಒಪ್ಪಿಸಿಬಿಡುವುದು. ನೋಡಿಯೇ ಇಲ್ಲದ ವಸ್ತುವಿನ ನಕಲು ಮಾಡಲು ಹೊರಟ ಮೊದಲ ಹೆಂಗಸು ನಾನೇ ಇರಬೇಕು.

ಅವರು ಹೊತಾತೆ ಎನ್ನುವ ಇದಕ್ಕೆ ಇಂಗ್ಲಿಷಿನಲ್ಲಿ ಸ್ಕ್ಯಾಲಪ್. ನನಗೆ ಅಲ್ಲಿಯ ತನಕ ಸ್ಕ್ಯಾಲಪ್ ಎಂದರೆ ಮೂಡಿಗೆರೆಯ ಟೈಲರ್ ಬ್ಲೌಸಿನ ತೋಳಿಗೆ ಇಟ್ಟುಕೊಡುವ ಅರ್ಧಚಂದ್ರದ ಅಂಚು, ಅಷ್ಟೇ. ಮಾರುಕಟ್ಟೆಯ ತೊಟ್ಟಿಯಲ್ಲಿ ಆ ಚಿಪ್ಪುಗಳ ಅಂಚು ನೋಡಿದಾಗ ನಮ್ಮ ಟೈಲರ್ ಎಲ್ಲಿಂದ ಕದ್ದದ್ದು ಎಂದು ಗೊತ್ತಾಯಿತು. ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಗೆರೆಗಳು, ಅಂಚಿಗೆ ಬರುವಾಗ ಒಂದೊಂದೂ ಸಣ್ಣ ಕಮಾನು.

ಅತ್ತೆ ತೊಟ್ಟಿಯ ಮೇಲೆ ಬಗ್ಗಿದರು. ಒಂದು ಚಿಪ್ಪು ಅರ್ಧ ಬಾಯಿ ತೆರೆದಿತ್ತು. ಅದರ ಅಂಚಿನುದ್ದಕ್ಕೂ ಸಾಸಿವೆ ಕಾಳಿನ ಹಾಗೆ ಕರ್ರಗೆ ಚುಕ್ಕಿಗಳು. ಅಂಗಡಿಯ ಹೆಂಗಸು ಆ ಚುಕ್ಕಿಗಳನ್ನು ತೋರಿಸಿ ತನ್ನ ಕಣ್ಣು ತೋರಿಸಿದಳು.

"ಇವೆಲ್ಲ ಕಣ್ಣಾ? ಸಾಲಾಗಿ ಇದಾವಲ್ಲೇ ಸುಮಾ!" ಎಂದು ಅತ್ತೆ ಬೆರಳು ಚಾಚಿದ್ದೇ ತಡ, ಅದು ಚಪ್ಪಾಳೆ ತಟ್ಟಿದ ಹಾಗೆ ಪಟ್ಟೆಂದು ಬಾಯಿ ಮುಚ್ಚಿ ತೊಟ್ಟಿಯ ಆಚೆ ತುದಿಗೆ ನೆಗೆಯಿತು. ನೀರೆಲ್ಲ ಅತ್ತೆಯ ಮುಖಕ್ಕೆ. ಅಂಗಡಿಯವಳು ಗಾಬರಿಯಾಗಿ ಟವೆಲ್ ತಂದು ಒರೆಸಿ, ಕ್ಷಮೆ ಕೇಳಿ, ಸುಟ್ಟ ಹೊತಾತೆ ಎರಡನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಅತ್ತೆ ಒಂದನ್ನು ಅನುಮಾನದಿಂದ ತಿಂದರು, ಇನ್ನೊಂದನ್ನು ನನ್ನನ್ನು ಕೇಳದೆ ತಿಂದರು.

"ಚೆನ್ನಾಗಿದೆ. ಆದ್ರೂ ನಮ್ ಘಟ್ಟದ ಕೆಳಗಿನ ಮರುವಾಯಿ ಚಿಪ್ಪಿನ ಸುಕ್ಕಕ್ಕೆ ಸಮ ಇಲ್ಲ ಬಿಡು."

ಅವರು ಮುಖ ಒರೆಸಿಕೊಳ್ಳುತ್ತಿರುವಾಗಲೇ ನಾನು ಪಕ್ಕದ ಅಂಗಡಿಯಲ್ಲಿ ಅಂಗೈಗಿಂತ ದೊಡ್ಡ ಖಾಲಿ ಚಿಪ್ಪೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡೆ. ಹಾಲಿನ ಹಾಗೆ ಬೆಳ್ಳಗಿತ್ತು. ಐವತ್ತು ವರ್ಷ ಒಲೆ ಕಂಡ ಕುರುಹು ಅದಕ್ಕೆ ಒಂದೇ ಮಧ್ಯಾಹ್ನದಲ್ಲಿ ಬರಬೇಕಿತ್ತು.

ಹೋಟೆಲಿನ ಕೋಣೆಯಲ್ಲಿ

ಬೆಂಕಿ ಹಚ್ಚುವ ಹಾಗಿರಲಿಲ್ಲ. ಕೋಣೆಯ ಮಾಡಿನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರವೊಂದು ಕೆಂಪು ಕಣ್ಣು ಮಿಟುಕಿಸುತ್ತಿತ್ತು. ಕಾಫಿಯವರ ತಲೆಗೆ ಇಂಥ ಹೊತ್ತಿನಲ್ಲಿ ಏನು ಹೊಳೆಯುತ್ತದೆ? ಕಾಫಿಯೇ. ಹಣ್ಣು ಕೊಯ್ಯುವ ಕಾಲದಲ್ಲಿ ನಮ್ಮ ಬೆರಳಿಗೆ ಹಿಡಿದ ಕರೆ ತಿಂಗಳಾದರೂ ಹೋಗುವುದಿಲ್ಲ. ಡಿಕಾಕ್ಷನ್ ಬಿದ್ದ ಬಿಳಿ ಪಂಚೆ ಮತ್ತೆ ಬಿಳಿಯಾದದ್ದು ನಾನು ಕಂಡಿಲ್ಲ. ಮಿಚಿಕೊಗೆಂದು ತಂದಿದ್ದ ನಮ್ಮ ತೋಟದ ಪುಡಿಯ ಪೊಟ್ಟಣಗಳಲ್ಲಿ ಒಂದನ್ನು ಒಡೆದೆ. ಅತ್ತೆ ಮಧ್ಯಾಹ್ನದ ನಿದ್ದೆ ಹೋಗಿದ್ದರು. ಕೆಟಲಿನಲ್ಲಿ ನೀರು ಕಾಯಿಸಿ, ಐಸ್ ಇಡುವ ಬಕೆಟ್ಟಿನಲ್ಲಿ ಇಡೀ ಪೊಟ್ಟಣ ಕದಡಿ, ಚಿಪ್ಪು ಮುಳುಗಿಸಿ, ಎರಡು ಗಂಟೆ ಕಾವಲು ಕೂತೆ.

ಎತ್ತಿ ನೋಡಿದರೆ ಅದು ಮಾರಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು. ಹಳೆಯದಾಗಿಯೂ ಇಲ್ಲ, ಹೊಸದಾಗಿಯೂ ಇಲ್ಲ, ಸುಮ್ಮನೆ ಕಾಯಿಲೆ ಬಿದ್ದ ಹಾಗಿತ್ತು. ಇನ್ನು ಅಂಚಿನ ಚೂರು. ಅತ್ತೆಯ ಪೆಟ್ಟಿಗೆಯಿಂದ ಅಡಕತ್ತರಿ ತೆಗೆದು, ಉಸಿರು ಬಿಗಿಹಿಡಿದು, ಒಂದು ಕಡೆ ಕಚ್ಚಿಸಿದೆ. ಚಟ್ಟೆಂದಿತು.

"ಅಡಿಕೆ ಸಿಕ್ತಾ?" ಅತ್ತೆ ಕಣ್ಣು ಬಿಡದೆ ಕೇಳಿದರು.

"ಇಲ್ಲ ಅತ್ತೆ, ಉಗುರು" ಎಂದೆ.

"ಅಡಕತ್ತರೀಲಿ ಉಗುರಾ?" ಎಂದು ಮಗ್ಗುಲು ಬದಲಿಸಿದರು. ಕೋಣೆಯ ತುಂಬ ನಮ್ಮ ತೋಟದ ಘಮ. ನಾನು ಚಿಪ್ಪನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದೆ.

ಚಿಪ್ಪಿನ ಗುಡ್ಡ

ಮಿಚಿಕೊ ಸ್ಟೇಷನ್ನಿಗೆ ಕಾರು ತಂದಿದ್ದಳು. ಅತ್ತೆಯನ್ನು ನೋಡಿದ್ದೇ ಬಗ್ಗುವುದನ್ನು ಮರೆತು ತಬ್ಬಿಕೊಂಡಳು. ಒಂದು ಬದಿಗೆ ತಣ್ಣನೆ ನೀಲಿ ಕೊಲ್ಲಿ, ಇನ್ನೊಂದು ಬದಿಗೆ ಸೇಬಿನ ಮರಗಳು. ಮೇ ತಿಂಗಳಾದ್ದರಿಂದ ಸೇಬು ಹೂ ಬಿಟ್ಟಿತ್ತು. ಹೂಮಳೆ ಬಿದ್ದ ಎಂಟನೇ ದಿನ ನಮ್ಮ ತೋಟ ಹೇಗೆ ಬೆಳ್ಳಗಾಗುತ್ತದೋ ಹಾಗೆಯೇ, ವಾಸನೆ ಮಾತ್ರ ಅಷ್ಟಿಲ್ಲ. ನೋಡುತ್ತ ನನಗೆ ಒಂದು ಗಳಿಗೆ ಎಲ್ಲ ಮರೆತುಹೋಗಿತ್ತು.

ತಿರುವಿನಲ್ಲಿ ಅತ್ತೆ ಕೂಗಿದರು. "ನಿಲ್ಸು! ನಿಲ್ಸಕ್ಕೆ ಹೇಳು ಅವ್ಳಿಗೆ!"

ರಸ್ತೆ ಪಕ್ಕದ ಬಯಲಿನಲ್ಲಿ ಒಂದು ಗುಡ್ಡ. ಎರಡಾಳೆತ್ತರ ಇರಬಹುದು. ಇಡೀ ಗುಡ್ಡವೇ ಹೊತಾತೆ ಚಿಪ್ಪು. ಮೇಲೆ ಕಾಗೆಗಳು ಕೂತಿದ್ದವು. ಅತ್ತೆ ಇಳಿದು ಅದರ ಮುಂದೆ ನಿಂತುಬಿಟ್ಟರು. ಹುಟ್ಟಿದಾರಭ್ಯ ಒಂದು ಚಿಟಿಕೆ ಸುಣ್ಣಕ್ಕಾಗಿ ಡಬ್ಬಿಯ ತಳ ಕೆರೆದವರು!

"ಇಷ್ಟನ್ನೂ ಬಿಸಾಡ್ತಾರಾ?"

ಬಿಸಾಡುವುದಿಲ್ಲ ಎಂದಳು ಮಿಚಿಕೊ. ಪುಡಿ ಮಾಡಿ ಸೇಬಿನ ತೋಟದ ಮಣ್ಣಿಗೆ ಹಾಕುತ್ತಾರೆ, ಶಾಲೆಯ ಮೈದಾನದಲ್ಲಿ ಗೆರೆ ಎಳೆಯುತ್ತಾರೆ, ತೂತು ಕೊರೆದು ಸರ ಪೋಣಿಸಿ ಸಮುದ್ರಕ್ಕೆ ಇಳಿಬಿಟ್ಟರೆ ಅದರ ಮೇಲೆ ಬೇರೆ ಜಾತಿಯ ಕಪ್ಪೆಚಿಪ್ಪಿನ ಮರಿಗಳು ಬಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡವನ್ನು ಸಾಕಿ ಬೆಳೆಸುತ್ತಾರೆ.

"ನಮ್ಮಲ್ಲೂ ತೋಟಕ್ಕೆ ಸುಣ್ಣ ಹಾಕ್ತೀವಿ ಅಂತ ಹೇಳು" ಎಂದರು ಅತ್ತೆ. ಹೇಳಿದೆ. "ಇವ್ಳು ಕಳ್ಸಿದ ಚಿಪ್ಪಿನ ಸುಣ್ಣ ಬೆಣ್ಣೆ ಬೆಣ್ಣೆ ಹಂಗಿತ್ತು, ನಾಲಿಗೆ ಒಂದ್ಸಲನೂ ಸುಡ್ಲಿಲ್ಲ ಅಂತ ಹೇಳು."

ಮಿಚಿಕೊ ನನ್ನ ಮುಖ ನೋಡುತ್ತ ನಿಂತಳು.

"ನಿಮ್ಮ ಊರಿನ ಗಾಳಿ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ" ಎಂದೆ ಇಂಗ್ಲಿಷಿನಲ್ಲಿ.

"ಇಷ್ಟುದ್ದ ಹೇಳಿದರಲ್ಲ?" ಎಂದಳು ಮಿಚಿಕೊ.

"ಕನ್ನಡ ಹಾಗೆಯೇ, ಉದ್ದ" ಎಂದೆ. ಇಂಥ ಮಾತಾಡಿದ ನಾಲಿಗೆಯನ್ನು ಸುಣ್ಣ ಹಚ್ಚಿ ಸುಡಬೇಕಿತ್ತು.

ಫುಮಿ ಅವರ ಅಡಿಗೆಮನೆ

ಮಿಚಿಕೊಳ ಅಮ್ಮ ಫುಮಿ ಅವರು ಬಾಗಿಲಲ್ಲೇ ಮಂಡಿಯೂರಿ ಕೂತಿದ್ದರು. ನಮ್ಮ ಅತ್ತೆಗಿಂತ ಹತ್ತು ವರ್ಷ ಹಿರಿಯರು, ಅತ್ತೆಯ ಅರ್ಧದಷ್ಟು ಗಾತ್ರ. ಅತ್ತೆಯ ಕೈ ಹಿಡಿದು ಏನೋ ದೀರ್ಘವಾಗಿ ಹೇಳಿದರು. ಒಳಗೆ ಒಂದು ಗೂಡಿನಲ್ಲಿ ಅವರ ಯಜಮಾನರ ಫೋಟೋ, ಮುಂದೆ ಒಂದು ಬಟ್ಟಲು ಅನ್ನ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ ಮುಖ. ಕೊಲ್ಲಿಯಲ್ಲಿ ಬಲೆಯ ಬುಟ್ಟಿ ಇಳಿಬಿಟ್ಟು ಹೊತಾತೆ ಸಾಕುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು ಎಂದಳು ಮಿಚಿಕೊ. ಆ ಫೋಟೋದ ಎದುರು ಕೂರಲು ನನಗೆ ಮುಜುಗರವಾಗಿ ಬೆನ್ನು ಹಾಕಿ ಕೂತೆ.

ಒಲೆ ಹೊತ್ತಿತು. ಫುಮಿ ಅವರು ನನ್ನ ಕಡೆ ತಿರುಗಿ ಎರಡೂ ಕೈ ಚಾಚಿದರು. ಯಾರೂ ಅನುವಾದಿಸಬೇಕಿರಲಿಲ್ಲ. ಚೀಲದಿಂದ ಟವೆಲು ತೆಗೆದು ಕೊಟ್ಟೆ.

ಅವರು ಬಿಚ್ಚಿದರು. ಅಂಗೈ ಮೇಲಿಟ್ಟು ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರಿದರು, ನಾನು ಕಚ್ಚಿಸಿದ ಜಾಗದಲ್ಲಿ ಬೆರಳು ನಿಂತಿತು, ಮತ್ತೆ ಮುಂದೆ ಹೋಗಿ ಬೇರೊಂದು ಕಡೆ ಹುಡುಕಿತು. ಮಿಚಿಕೊ ಬಗ್ಗಿ ಮೂಸಿದಳು, ನನ್ನ ಕಡೆ ನೋಡಲಿಲ್ಲ. ಫುಮಿ ಅವರು ಚಿಪ್ಪನ್ನು ಒಲೆಯ ಮೇಲಿಟ್ಟರು. ಸೋಯಾ ಕಾಳು ಹುದುಗಿಸಿದ ಮಿಸೊ ಎಂಬ ಗೊಜ್ಜು, ನಾಲ್ಕು ಚೂರು ಹೊತಾತೆ, ಒಂದಿಷ್ಟು ನೀರು ಹಾಕಿದರು. ಕುದಿ ಬಂದ ಮೇಲೆ ಮೊಟ್ಟೆ ಒಡೆದು ಸುರಿದರು.

ನನ್ನ ಕಣ್ಣು ಅವರ ಮೇಲೆಯೇ ಇತ್ತು. ಅತ್ತೆಯನ್ನು ಗಮನಿಸಿರಲಿಲ್ಲ. ಅತ್ತೆ ಬಾಯಿ ತೆರೆದುಕೊಂಡು ಒಲೆಯನ್ನೇ ನೋಡುತ್ತಿದ್ದರು.

"ಚಿಪ್ಪಲ್ಲಿ ಅಡಿಗೆ ಮಾಡ್ತಾರಾ?" ಎಂದರು ಮೆಲ್ಲಗೆ. ಒಲೆಯ ಕಡೆ ಬಗ್ಗಿ ಚಿಪ್ಪಿನ ತಳ ನೋಡಿ, "ಅವ್ರು ಕಳ್ಸಿದ್ರಲ್ಲ, ಅದರ ತಳನೂ ಕಪ್ಪಗಿತ್ತು. ಒಳಗೆ ಎಣ್ಣೆ ಹಿಡ್ದ ಹಂಗೆ ನುಣ್ಣಗಿತ್ತು. ಸಮುದ್ರದ ಪಾಚಿ ಅಂದ್ಕಂಡೆ ನಾನು" ಎಂದರು.

ನಾನು ಟವೆಲು ಎಳೆದುಕೊಂಡು ಮಡಿಸತೊಡಗಿದೆ.

"ಸುಮಾ, ನನ್ನ ಕಡೆ ನೋಡು. ನಾ ಸುಟ್ಟಿದ್ದು ಇವ್ರ ಪಾತ್ರೆನಾ?"

"ಹೌದು ಅತ್ತೆ."

"ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಪಾರ್ಸೆಲ್ಲಲ್ಲಿ ಕಾಗದ ಇತ್ತು."

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಸುಖವಿತ್ತು. ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಮೊಣಕಾಲ ಮೇಲೇ ಸರಿಯುತ್ತ ಫುಮಿ ಅವರ ಮುಂದೆ ಹೋಗಿ ಕೂತರು. ಒಲೆಯ ಮೇಲಿನ ಚಿಪ್ಪು ತೋರಿಸಿ ಇದಲ್ಲ ಎಂದು ತಲೆಯಾಡಿಸಿದರು. ಬಲಗೈ ಹೆಬ್ಬೆರಳಿನ ಉಗುರನ್ನು ಗಾಳಿಯಲ್ಲಿ ಎಡಕ್ಕೆ ಒಂದು ಕಡೆ ಊರಿ, ಚೂರು ಹೋದದ್ದು ಇಲ್ಲಿ ಎಂದು ತೋರಿಸಿದರು. ಆ ಚಿಪ್ಪನ್ನು ನಮ್ಮ ಮನೆಯಲ್ಲಿ ಸರಿಯಾಗಿ ನೋಡಿದ್ದವರು ಅವರೊಬ್ಬರೇ ಅಲ್ಲವೇ. ಆಮೇಲೆ ಎರಡು ಕೈಯಲ್ಲಿ ಕೆಂಡ ಒಟ್ಟಿದರು, ಇಲ್ಲದ ಊದುಗೊಳವೆ ಊದಿದರು, ನೀರು ಚಿಮುಕಿಸಿದರು, ಅಂಗೈಯನ್ನು ಎಲೆ ಮಾಡಿಕೊಂಡು ಬೆರಳಿನಿಂದ ಸವರಿ ಮಡಿಸಿ ಬಾಯಿಗಿಟ್ಟುಕೊಂಡರು. ಕೊನೆಗೆ ಡಬ್ಬಿಯ ಮುಚ್ಚಳ ತೆಗೆದು, ರೈಲ್ವೆಯ ಆ ಮನುಷ್ಯ ಪಿನ್ನು ಕೊಟ್ಟ ಹಾಗೆಯೇ ಎರಡೂ ಅಂಗೈ ಮೇಲಿಟ್ಟು, ತಲೆ ಬಗ್ಗಿಸಿ ಕೊಟ್ಟರು. ತಲೆ ಎತ್ತಲಿಲ್ಲ.

ಮಿಚಿಕೊ ನನ್ನನ್ನು ನೋಡಿದಳು. ಇನ್ನು ಗೇಟು ಹಾಕಿ ಫಲವಿರಲಿಲ್ಲ. ಎಲ್ಲ ಹೇಳಿದೆ. ಹಂಡೆ ಒಲೆ, ಕಾಗದ, "ದಿನಾ ಉಪಯೋಗಿಸುತ್ತಾರೆ" ಎಂದು ಬರೆದದ್ದು, ಮಾರುಕಟ್ಟೆ, ಬಕೆಟ್ಟು, ಅಡಕತ್ತರಿ. ಮಿಚಿಕೊ ಒಂದೊಂದೇ ವಾಕ್ಯವನ್ನು ಅಮ್ಮನಿಗೆ ದಾಟಿಸಿದಳು. ಒಲೆಯ ಮೇಲೆ ಮೊಟ್ಟೆ ಸೀಯುತ್ತಿತ್ತು, ಯಾರೂ ಇಳಿಸಲಿಲ್ಲ.

ಫುಮಿ ಅವರು ಡಬ್ಬಿಯೊಳಗೆ ನೋಡುತ್ತಿದ್ದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಮಿಚಿಕೊ ಅದನ್ನು ದಾಟಿಸುವ ಮೊದಲು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

"ಯಾವ ಸೌದೆ ಎಂದು ಅಮ್ಮ ಕೇಳುತ್ತಿದ್ದಾಳೆ. ಐವತ್ತು ವರ್ಷ ತಾನು ಬೆಂಕಿಯ ಮೇಲಿಟ್ಟರೂ ಅದಕ್ಕೆ ಏನೂ ಆಗಲಿಲ್ಲವಂತೆ. ಇವರು ಒಂದೇ ಮಧ್ಯಾಹ್ನದಲ್ಲಿ ಹೇಗೆ ಸುಟ್ಟರು?"

ನಾನು ಅತ್ತೆಗೆ ಹೇಳಿದೆ. ಅತ್ತೆ ತಲೆ ಎತ್ತಿದರು. ಕೆನ್ನೆ ಒದ್ದೆಯಾಗಿತ್ತು, ಆದರೆ ಕೆಲಸದ ಪ್ರಶ್ನೆ ಬಂದ ಮೇಲೆ ಅವರು ಸುಮ್ಮನಿರುವವರಲ್ಲ.

"ಕಾಫಿ ಬೊಡ್ಡೆ ಇದ್ಲು. ಬೇರೆ ಸೌದೆ ಕಾವು ಸಾಲಲ್ಲ. ಒಂದು ಗಳಿಗೆನೂ ಊದೋದು ನಿಲ್ಲಿಸ್ಬಾರದು ಅಂತ ಹೇಳು. ಸರಿಯಾಗಿ ಹೇಳು ಈ ಸಲ."

ಸರಿಯಾಗಿ ಹೇಳಿದೆ. ಫುಮಿ ಅವರು ತಲೆದೂಗಿದರು. ನಿಧಾನಕ್ಕೆ ಎದ್ದು ಡಬ್ಬಿಯನ್ನು ಗೂಡಿನ ಹತ್ತಿರ ಒಯ್ದು, ಯಜಮಾನರ ಫೋಟೋದ ಮುಂದೆ, ಅನ್ನದ ಬಟ್ಟಲಿನ ಪಕ್ಕ ಇಟ್ಟರು. ಒಂದು ಮಾತು ಹೇಳಿದರು: "ಒಕಾಯೆರಿ."

ಮಿಚಿಕೊ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದಳು. "ಹೊರಗೆ ಹೋದವರು ಮನೆಗೆ ವಾಪಸು ಬಂದಾಗ ನಾವು ಹೇಳುವ ಮಾತು."

"ಎಂತ ಅಂದ್ರು?" ಎಂದರು ಅತ್ತೆ.

"ಬಂದ್ಯಾ, ಅಂದ್ರು" ಎಂದೆ.

ಆಮೇಲೆ ಅಳುವುದಕ್ಕೂ ಪುರಸೊತ್ತಾಗಲಿಲ್ಲ. ಸೀದ ಮೊಟ್ಟೆಯ ಹೊಗೆ ಮನೆಯೆಲ್ಲ ತುಂಬಿ, ಫುಮಿ ಅವರು ಚಿಪ್ಪನ್ನು ಇಳಿಸಿ, ತಳ ನೋಡಿ, ಮೂಗಿನ ಹತ್ತಿರ ಹಿಡಿದು ಏನೋ ಹೇಳಿ ಗೊಳ್ಳೆಂದು ನಕ್ಕರು. ಮೊಟ್ಟೆಗೆ ಕಾಫಿಯ ವಾಸನೆ ಹಿಡಿದಿತ್ತು. "ನನಗೆ ಟವೆಲು ಬಿಚ್ಚಿದಾಗಲೇ ಗೊತ್ತಾಗಿತ್ತು" ಎಂದಳು ಮಿಚಿಕೊ. "ನಿಮ್ಮದೇ ತೋಟದ ಅರೇಬಿಕಾ. ಅಷ್ಟು ಒಳ್ಳೆಯ ಕಾಫಿಯನ್ನು ಹೀಗೆ ಹಾಳು ಮಾಡಿದಿರಲ್ಲ, ಅದೊಂದನ್ನು ನಾನು ಕ್ಷಮಿಸುವುದಿಲ್ಲ." ನಾಲ್ವರೂ ಕೂತು ಆ ಕಾಫಿ ಮೊಟ್ಟೆಯನ್ನು ಕೆರೆದು ಕೆರೆದು ತಿಂದೆವು. ಅಷ್ಟು ಕೆಟ್ಟ ಅಡಿಗೆಯನ್ನು ಅಷ್ಟು ಸುಖವಾಗಿ ನಾನು ಎಂದೂ ತಿಂದಿಲ್ಲ.

ಉಳಿದ ನಾಲ್ಕು ದಿನ ಅತ್ತೆ ಮತ್ತು ಫುಮಿ ಅವರು ನಮ್ಮಿಬ್ಬರನ್ನು ಮೂಸಿಯೂ ನೋಡಲಿಲ್ಲ. ಹಿತ್ತಲಿನ ಸೇಬಿನ ಮರದ ಕೆಳಗೆ ಒಡೆದ ಚಿಪ್ಪುಗಳನ್ನು ಒಟ್ಟಿ, ಸೇಬಿನ ಕೊಂಬೆಗಳ ಇದ್ದಿಲು ಹಾಕಿ ಊದುತ್ತಿದ್ದರು. ಸುಣ್ಣ ಆಗಲಿಲ್ಲ. ಸೇಬಿನ ಸೌದೆಗೆ ಆ ಕಾವಿಲ್ಲ ಎಂದು ಅತ್ತೆ ತೀರ್ಪು ಕೊಟ್ಟರು. ಫುಮಿ ಅವರು ಒಪ್ಪಲಿಲ್ಲ, ಮರುದಿನ ಮತ್ತೆ ಊದಿದರು.

ಮರಳಿ ಮೂಡಿಗೆರೆ

ಹೊರಡುವಾಗ ಫುಮಿ ಅವರು ಒಂದೇ ಹೊತಾತೆಯ ಎರಡೂ ಚಿಪ್ಪುಗಳನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟರು. ಅದರಲ್ಲಿ ಒಂದು ಗುಳಿಯಾಗಿರುತ್ತದೆ, ಇನ್ನೊಂದು ಚಪ್ಪಟೆ. ಗುಳಿಯಾದದ್ದನ್ನು ತೋರಿಸಿ ಬಾಯಿಗೆ ತುತ್ತಿಟ್ಟುಕೊಳ್ಳುವ ಹಾಗೆ ಮಾಡಿದರು. ಚಪ್ಪಟೆಯದನ್ನು ತೋರಿಸಿ ಕೆನ್ನೆಯುಬ್ಬಿಸಿ ಊದಿದರು. ಅತ್ತೆಗೆ ಪೂರ್ತಿ ಅರ್ಥವಾಯಿತು.

ಸುಣ್ಣದ ಡಬ್ಬಿ ಅಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ಇಳಿದ ಕೂಡಲೇ ಅತ್ತೆ ಮೊದಲು ಕೇಳಿದ್ದು ಎಲೆ ಅಡಿಕೆಯನ್ನು. ಅಂಗಡಿಯ ಸುಣ್ಣ ಹಚ್ಚಿಕೊಂಡು, ನಾಲಿಗೆ ಸುಟ್ಟುಕೊಂಡು, ಹಾಸನದ ತನಕ ಬಯ್ಯುತ್ತ ಬಂದರು.

ಜುಲೈಯಲ್ಲಿ ನನಗೆ ಜ್ವರ ಬಂತು. ಮೂರು ದಿನ ಗಂಜಿಯಾಯಿತು. ನಾಲ್ಕನೆಯ ಬೆಳಿಗ್ಗೆ ಕಣ್ಣು ಬಿಟ್ಟರೆ ಅತ್ತೆ ಮಣೆಯ ಮೇಲೆ ಚಿಪ್ಪಿಟ್ಟುಕೊಂಡು ಬರುತ್ತಿದ್ದರು. ಮಿಸೊ ಇರಲಿಲ್ಲ, ಮೊಟ್ಟೆಗೆ ಈರುಳ್ಳಿ, ಕಾಳುಮೆಣಸು, ಒಂದು ಚೂರು ಹುಣಿಸೆ ಹಾಕಿದ್ದರು. ತಳ ಕಪ್ಪಗಾಗಿತ್ತು.

"ಏಳು, ತಿನ್ನು. ಉಪ್ಪು ಜಾಸ್ತಿ ಆಗಿದ್ರೆ ಸುಮ್ನೆ ತಿನ್ನು."

ಜಾಸ್ತಿ ಆಗಿತ್ತು. ಸುಮ್ಮನೆ ತಿಂದೆ. ಅತ್ತೆ ಪಕ್ಕದಲ್ಲಿ ಕೂತು ಎಲೆಗೆ ಅಂಗಡಿಯ ಸುಣ್ಣ ಸವರುತ್ತಿದ್ದರು, ಬೇಕೋ ಬೇಡವೋ ಎನ್ನುವಷ್ಟು ತೆಳುವಾಗಿ. ಚಪ್ಪಟೆ ಚಿಪ್ಪು ನಮ್ಮ ಮಾವನ ಫೋಟೋದ ಕೆಳಗಿನ ಗೂಡಿನಲ್ಲಿ ಹಾಗೇ ಇತ್ತು.

"ಅದನ್ನ ಸುಡಲ್ವಾ ಅತ್ತೆ? ಅವ್ರೇ ಹೇಳಿ ಕೊಟ್ಟಿದಾರಲ್ಲ."

ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಅಗಿಯುತ್ತ ಗೂಡಿನ ಕಡೆ ನೋಡಿದರು.

"ಸುಡಾಣ ಬಿಡು" ಎಂದರು. "ಆ ಅಮ್ಮ ಒಂದಿನ ಇಲ್ಲಿಗೆ ಬರ್ತಾರಲ್ಲ, ಇಬ್ರೂ ಕೂತು ಊದ್ತೀವಿ."